ಅಕ್ಕನ ಎದೆಯ ಫಿಲಂ

9 ಜೂನ್ 1997, ಸೋಮವಾರ. ಬೆಳಿಗ್ಗೆ 6

ಏಷ್ಯಾ ಖಂಡದಲ್ಲಿ ರೇಷ್ಮೆಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಸದ್ದು ಕೇಳಿ, ಬೆಲೆ ಹೇಳಬಲ್ಲವನು ನಾನೊಬ್ಬನೇ. ಹೋದ ವರ್ಷ ಜಪಾನಿನಿಂದ ಮೂರು ಜನ ಬಂದು ನನ್ನ ಬಲಗಿವಿಯ ಅಳತೆ ತೆಗೆದುಕೊಂಡು ಹೋದರು. ಅದೇ ಅಳತೆಗೆ ಅಲ್ಲೊಂದು ಮಿಷನ್ ಮಾಡುತ್ತಿದ್ದಾರಂತೆ. ಇನ್ನೂ ಆಗಿಲ್ಲ. ಆಗುವುದೂ ಇಲ್ಲ.

ಕಾಫಿ ಆಯಿತು. ಎಂಟಕ್ಕೆ ಮಾರ್ಕೆಟ್. ಇವತ್ತು ಕನಕಪುರದ ಕಡೆಯ ಗೂಡು ಜಾಸ್ತಿ ಬರುತ್ತದೆ. ನೂಲು ತೆಗೆಸುವ ರೀಲರುಗಳ ಪರವಾಗಿ ಲಾಟು ನೋಡಿ ಹೇಳುವುದು ನನ್ನ ಕಸುಬು. ಈ ಮುನಿಶಾಮಯ್ಯ ಹೂಂ ಅಂದರೆ ಹರಾಜು ಏರುತ್ತದೆ. ಉಹೂಂ ಅಂದರೆ ರೈತನ ಮುಖ ಬೀಳುತ್ತದೆ.

ಅಕ್ಕ ನಿನ್ನೆಯೂ ಮಲಗಲಿಲ್ಲ. ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದಳು. ಮಲಗಿದರೆ ಯಾರೋ ಎದೆಯ ಮೇಲೆ ಕೂತ ಹಾಗೆ ಆಗುತ್ತದಂತೆ. ಇಪ್ಪತ್ತೆರಡು ವರ್ಷ ರಸೂಲನ ಚರಕದ ಮನೆಯಲ್ಲಿ ಕುದಿಯುವ ನೀರಿಗೆ ಕೈಹಾಕಿ ನೂಲು ತೆಗೆದವಳು. ಒಲೆಯ ಹೊಗೆ ಕುಡಿದ ಕೆಮ್ಮು, ಬೇರೇನಿಲ್ಲ. ಹಾಗೆಂದು ಹೇಳಿದೆ. ನಂಬಿದಳು. ನಾನು ಏನು ಹೇಳಿದರೂ ನಂಬುತ್ತಾಳೆ. ಚಿಕ್ಕಂದಿನಿಂದಲೂ ಅವಳಿಗೆ ಅದೊಂದು ದಡ್ಡತನ.

12 ಜೂನ್, ಗುರುವಾರ. ಮಧ್ಯಾಹ್ನ 3

ಸರ್ಕಾರಿ ಆಸ್ಪತ್ರೆ. ನನ್ನ ಇಷ್ಟದಿಂದಲ್ಲ — ಗಂಗಾ ಚನ್ನಪಟ್ಟಣದಿಂದ ಫೋನ್ ಮಾಡಿ ಎದುರಂಗಡಿಯವನ ಕೈಲಿ ಹೇಳಿಸಿದ್ದಳು. ಗಂಗಾ ಅಂದರೆ ಗಂಗಲಕ್ಷ್ಮಿ, ಅಕ್ಕನ ಮಗಳು. ಅಲ್ಲಿನ ಗೊಂಬೆ ಕಾರ್ಖಾನೆಯಲ್ಲಿ ಬಣ್ಣ ಹಚ್ಚುವ ಕೆಲಸ, ಅಲ್ಲೇ ರೂಮು. ಪಿಯುಸಿ ಓದಿದ್ದಾಳೆ, ಆದ್ದರಿಂದ ಮಾವನಿಗೆ ಆರ್ಡರ್ ಮಾಡುತ್ತಾಳೆ.

ಕ್ಯೂ ಬಾಗಿಲಿನಿಂದ ಬೇವಿನ ಮರದ ತನಕ. ಅಕ್ಕನನ್ನು ಮರದ ಬುಡದಲ್ಲಿ ಕೂರಿಸಿದೆ. ಮುಂದಿನ ನಾಲ್ಕು ಜನರ ಕಿವಿಯಲ್ಲಿ, ನಮ್ಮಕ್ಕನದು ಅಂಟುವ ಕೆಮ್ಮು, ಒಸಿ ದೂರ ಇರಿ ಅಂದೆ. ಅರ್ಧ ಕ್ಯೂ ಕರಗಿತು. ಅಕ್ಕನಿಗೆ ಗೊತ್ತಾಗಿ ಬೈಯಲು ಶುರುಮಾಡಿದಳು. ಬೈಯುವಷ್ಟು ಉಸಿರು ಸಾಲಲಿಲ್ಲ. ಅರ್ಧಕ್ಕೆ ನಿಲ್ಲಿಸಿ ಕೈಬೀಸಿದಳು.

ಡ್ಯೂಟಿ ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಅಷ್ಟು ಹೊತ್ತು ನಾನು ಗೂಡನ್ನೂ ಕೇಳುವುದಿಲ್ಲ. ಎಕ್ಸ್‌ರೇ ಬರೆದರು.

ಎಕ್ಸ್‌ರೇ ರೂಮಿನವನು ಎದೆಯನ್ನು ಹಲಗೆಗೆ ಒತ್ತಿಸಿ ನಿಲ್ಲಿಸಿ, ಉಸಿರು ಪೂರ್ತಿ ಎಳೆದು ಹಿಡಿದುಕೊಳ್ಳಲು ಹೇಳಿದ. ಹಿಡಿಯಲು ಆಗಲಿಲ್ಲ. ಕೆಮ್ಮಿದಳು. ಎರಡನೇ ಸಲ ಹೇಗೋ ಆಯಿತು. ನನ್ನದೂ ಒಂದು ತೆಗಿ ಅಂದೆ. ನನ್ನ ಎದೆಗೆ ಒಂದು ಫಿಲಂ ಸಾಲುವುದಿಲ್ಲ, ಎರಡು ಜೋಡಿಸಬೇಕು ಅಂದೆ. ನಗಲಿಲ್ಲ ಮುಂಡೇದು.

ಫಿಲಂ ಒಣಗಿದ ಮೇಲೆ ಕವರಿಗೆ ಹಾಕಿ ಕೊಟ್ಟ. "ಹಾರ್ಟು ದೊಡ್ಡದಾಗಿ ಕಾಣ್ತೈತೆ ಯಜಮಾನ್ರೆ. ಮಂಗಳವಾರ ಪರಮಶಿವಯ್ಯ ಡಾಕ್ಟ್ರು ಬತ್ತಾರೆ. ತಪ್ಪದೆ ತೋರ್ಸಿ."

ದೊಡ್ಡದಾದರೆ ಒಳ್ಳೆಯದೇ ತಾನೆ ಅಂತ ಕೇಳಿದೆ. ಅಷ್ಟರಲ್ಲಿ ಇನ್ನೊಬ್ಬರ ಹೆಸರು ಕೂಗುತ್ತಿದ್ದ.

13 ಜೂನ್, ಶುಕ್ರವಾರ. ಮಧ್ಯಾಹ್ನ 1

ಫಿಲಮನ್ನು ಮಾರ್ಕೆಟ್ಟಿಗೆ ತೆಗೆದುಕೊಂಡು ಹೋಗಿದ್ದೆ. ಹರಾಜು ಮುಗಿದ ಮೇಲೆ ಹಿಂದಿನ ಅಂಗಳದಲ್ಲಿ ಬಿಸಿಲಿಗೆ ಹಿಡಿದು ನೋಡಿದೆ. ಗೂಡನ್ನು ಹೇಗೆ ಬೆಳಕಿಗೆ ಹಿಡಿದು ನೋಡುತ್ತೇವೋ ಹಾಗೆ.

ಗೂಡಿನ ವಿದ್ಯೆ ಇಷ್ಟೇ. ಬೆಳ್ಳಗಿರಬೇಕು. ತುಂಬಿಕೊಂಡಿರಬೇಕು. ಒಳಗೆ ಕಪ್ಪು ಕಂಡರೆ ಹುಳ ಸತ್ತು ಕರಗಿದೆ, ಆ ಗೂಡು ಕೆಲಸಕ್ಕಿಲ್ಲ. ಕಪ್ಪು ಎಲ್ಲಿದೆಯೋ ಕಾಯಿಲೆ ಅಲ್ಲಿದೆ.

ಅಕ್ಕನ ಫಿಲಂನಲ್ಲಿ ನಡುವೆ ಹಾರ್ಟು. ಬೆಳ್ಳಗೆ, ದುಂಡಗೆ, ಎಡಕ್ಕೆ ಒಸಿ ಜಾಸ್ತಿ ತುಂಬಿಕೊಂಡು… ಒಂದು ಕಲೆ ಇಲ್ಲ. ಫಸ್ಟ್ ಗ್ರೇಡ್. ಎರಡೂ ಪಕ್ಕ ಶ್ವಾಸಕೋಶ — ಕಪ್ಪು ಅಂದರೆ ಕಪ್ಪು, ಒಲೆಯ ಹಿಂದಿನ ಗೋಡೆಯಂತೆ. ಇಪ್ಪತ್ತೆರಡು ವರ್ಷದ ಹೊಗೆ ಅಲ್ಲಿ ಕೂತಿದೆ. ಯಾವ ಡಾಕ್ಟರೂ ಬೇಡ, ಕಣ್ಣಿಗೇ ಕಾಣುತ್ತದೆ.

ಸುತ್ತ ಏಳೆಂಟು ಜನ ಸೇರಿದರು. ಎಲ್ಲರೂ ಇಪ್ಪತ್ತು ಮೂವತ್ತು ವರ್ಷ ಗೂಡು ನೋಡಿದ ಕಣ್ಣುಗಳು. ಎಲ್ಲರೂ ಒಪ್ಪಿದರು. ರಸೂಲ್ ಒಬ್ಬ ಮಾತ್ರ ಫಿಲಮನ್ನು ಹಿಂದಕ್ಕೆ ಕವರಿಗೆ ಹಾಕಿ ಕೊಟ್ಟ.

"ಮುನಿಶಾಮಣ್ಣ, ಗೂಡು ನೋಡೋದು ನಿನ್ ಕೆಲ್ಸ. ಇದು ಡಾಕ್ಟ್ರು ಕೆಲ್ಸ. ಸುಮ್ನೆ ತೋರ್ಸ್ಬುಡು."

ಹೊಗೆ ಅವನ ಒಲೆಯದು. ಹೊಣೆ ತನ್ನ ಮೇಲೆ ಬರುತ್ತದೆಂದು ಹೆದರಿದ್ದಾನೆ.

17 ಜೂನ್, ಮಂಗಳವಾರ

ಆಸ್ಪತ್ರೆಗೆ ಹೋಗಲಿಲ್ಲ. ಮಂಗಳವಾರ ಲಾಟು ಜಾಸ್ತಿ. ಗೊತ್ತಿರುವುದನ್ನೇ ಹೇಳಿಸಿಕೊಳ್ಳಲು ಅರ್ಧ ದಿನ ಯಾಕೆ.

ರಸೂಲನಿಗೆ ಹೇಳಿ ಅಕ್ಕನನ್ನು ಒಲೆಯ ಮುಂದಿನಿಂದ ಬಿಡಿಸಿದೆ. ಇನ್ನು ಅವಳು ಅಂಗಳದಲ್ಲಿ ಕೂತು ಗೂಡು ಆರಿಸುತ್ತಾಳೆ. ಕೂಲಿ ಕಡಿಮೆ. ಗಾಳಿ ಚೆನ್ನಾಗಿದೆ. ಗಂಗಾ ಕೇಳಿದರೆ ಡಾಕ್ಟರಿಗೆ ತೋರಿಸಿದೆ, ಹೊಗೆ ಅಂದರು ಅಂತ ಹೇಳುವುದು. ಫಿಲಂ ಕ್ಯಾಲೆಂಡರ್ ಹಿಂದೆ ಇಟ್ಟಿದ್ದೇನೆ.

29 ಜೂನ್, ಭಾನುವಾರ

ಅಕ್ಕ ಎರಡು ಸಲ, ಒಸಿ ಹಗುರ ಆಗೈತೆ ಅಂದಳು. ನೋಡಿದೆಯಾ, ನಾನೇ ಡಾಕ್ಟರ್ ಅಂದೆ. ನಕ್ಕಳು. ನಗುವಾಗ ಕತ್ತಿನ ಪಕ್ಕದ ನರ ಹಗ್ಗದಂತೆ ಎದ್ದು ನಿಲ್ಲುತ್ತದೆ. ಮೊದಲು ಹೀಗಿತ್ತೋ ಇಲ್ಲವೋ ನೆನಪಿಲ್ಲ.

ದೊಡ್ಡಆಲಹಳ್ಳಿಯ ಅಪ್ಪನ ಜಮೀನಿನಲ್ಲಿ ಅವಳ ಪಾಲು ಮಾರಿ ಬಂದ ದುಡ್ಡು ನನ್ನ ಹೆಸರಿನ ಪೋಸ್ಟಾಫೀಸ್ ಪುಸ್ತಕದಲ್ಲಿದೆ. ಭಾವ ಮೈಸೂರಿಗೆಂದು ಹೋದವನು ಹನ್ನೊಂದು ವರ್ಷದಿಂದ ಪತ್ತೆ ಇಲ್ಲ. ಬಂದರೆ ಕಿತ್ತುಕೊಳ್ಳುತ್ತಾನೆಂದು ಅವಳೇ ನನ್ನ ಹೆಸರಿಗೆ ಹಾಕಿಸಿದ್ದು. ಆಸ್ಪತ್ರೆಗೆ ಬೇಕಾದೀತು, ಮುಟ್ಟಬೇಡ ಅಂದಿದ್ದಳು. ಆಸ್ಪತ್ರೆ ಬೇಕಾಗಲಿಲ್ಲ. ದುಡ್ಡು ಸುಮ್ಮನೆ ಮಲಗಿದೆ.

14 ಜುಲೈ, ಸೋಮವಾರ. ಸಂಜೆ 5

ರೀಲರುಗಳ ಮುಷ್ಕರ. ನೂಲಿನ ರೇಟು ಬಿದ್ದಿದೆ, ಗೂಡು ಕೊಳ್ಳುವುದಿಲ್ಲ ಅಂತ. ಇವತ್ತಿಗೆ ಮೂರನೇ ದಿನ. ಮಾರ್ಕೆಟ್ ಖಾಲಿ. ರೈತರು ಗೂಡಿನ ಮೂಟೆಗಳ ಮೇಲೆ ಕೂತು ಬೀಡಿ ಸೇದುತ್ತಿದ್ದಾರೆ. ಗೂಡು ಕಾಯುವ ಪದಾರ್ಥವಲ್ಲ. ಒಳಗೆ ಹುಳ ಬದುಕಿದೆ. ಚಿಟ್ಟೆಯಾಗಿ ತೂತು ಕೊರೆದು ಹೊರಗೆ ಬಂತೆಂದರೆ ಎಳೆ ತುಂಡು, ನೂಲು ಇಲ್ಲ.

ಕನಕಪುರದ ಕಡೆಯವನು ಬೋರಲಿಂಗಯ್ಯ, ಟೆಂಪೋದಲ್ಲಿ ಗೂಡು ಇಟ್ಟುಕೊಂಡು ಅಳುವ ಹಾಗಿದ್ದ. ಪಕ್ಕಕ್ಕೆ ಕರೆದು ಮಾತಾಡಿದೆ. ಒಂದು ಗೂಡು ತೆಗೆದು ಅಲ್ಲಾಡಿಸಿದೆ. ಗಲಗಲ. ಒಳ್ಳೆಯ ಮಾಲು. ಅರ್ಧ ಬೆಲೆ ಹೇಳಿದೆ. ಒಪ್ಪಿದ.

ಮಾರ್ಕೆಟ್ಟಿನ ಹೊರಗೆ ಕೊಳ್ಳುವುದು ತಪ್ಪು. ಗೊತ್ತು. ನಾಳೆ ಮುಷ್ಕರ ಮುಗಿಯುತ್ತದೆ. ಇಡೀ ರಾಮನಗರದಲ್ಲಿ ನನಗೊಬ್ಬನಿಗೇ ಗೊತ್ತಿರುವ ಸುದ್ದಿ. ನಾಡಿದ್ದು ದುಪ್ಪಟ್ಟು.

15 ಜುಲೈ, ಮಂಗಳವಾರ

ಮುಗಿದಿಲ್ಲ.

ಮನೆ ಪಕ್ಕದ ಖಾಲಿ ಶೆಡ್ಡಿನಲ್ಲಿ ಗೂಡು ಹರಡಿದ್ದೇವೆ. ರಾಶಿ ಹಾಕಿದರೆ ಬಿಸಿಯೇರುತ್ತದೆ. ಅಕ್ಕ ಬೇಡವೆಂದರೂ ಕೇಳದೆ ಬೆಳಿಗ್ಗೆಯಿಂದ ಕೂತು ಹರಡಿದಳು. ಒಂದು ಮೊರ ಹರಡುವುದು, ಕಂಬಕ್ಕೆ ಒರಗುವುದು. ಮತ್ತೊಂದು ಮೊರ. ಇದು ಯಾರ ಮಾಲು ಅಂತ ಕೇಳಿದಳು. ಒಬ್ಬ ಸಾಹುಕಾರರದು ಅಂದೆ.

ರಸೂಲ್ ಇವತ್ತೇ ಆವಿ ಕೊಟ್ಟು ಹುಳ ಸಾಯಿಸಿಬಿಡು, ತಾನೇ ಒಲೆ ಹಚ್ಚಿಕೊಡುತ್ತೇನೆ ಅಂದ. ಆವಿ ಕೊಟ್ಟ ಗೂಡನ್ನು ಹರಾಜಿಗೆ ಇಟ್ಟರೆ ಕಳ್ಳಮಾಲು ಅಂತ ಯಾರಿಗಾದರೂ ತಿಳಿಯುತ್ತದೆ. ಹಸಿಯಾಗೇ ಇರಬೇಕು. ಒಂದೇ ದಿನ ತಾನೆ.

17 ಜುಲೈ

ಇಲ್ಲ.

19 ಜುಲೈ, ಶನಿವಾರ. ಬೆಳಿಗ್ಗೆ 7

ಶೆಡ್ಡಿನ ಬಾಗಿಲು ತೆಗೆದೆ. ನೆಲವೆಲ್ಲ ಅಲ್ಲಾಡುತ್ತಿದೆ. ಗೂಡಿನ ತುದಿ ಒದ್ದೆ ಮಾಡಿಕೊಂಡು ಒಂದೊಂದೇ ಚಿಟ್ಟೆ ಹೊರಗೆ ಬರುತ್ತಿತ್ತು. ಹಾರುವುದಿಲ್ಲ ಅವು. ರೆಕ್ಕೆ ಬಡಿಯುತ್ತವೆ ಅಷ್ಟೆ. ಬೋರಲಿಂಗಯ್ಯ ಮೊದಲೇ ನಾಲ್ಕು ದಿನ ಇಟ್ಟುಕೊಂಡಿದ್ದನಂತೆ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ.

ಅಕ್ಕ ಬಂದು ಹೊಸಿಲ ಮೇಲೆ ಕೂತಳು. ಸುಮಾರು ಹೊತ್ತು ನೋಡಿದಳು.

"ಸಾಹುಕಾರ್ರಿಗೆ ಎಷ್ಟ್ಲಾ ಲಾಸು?"

ಮೂರು ಸಾವಿರ ಅಂದೆ.

"ಪಾಪ" ಅಂದಳು.

ಮಧ್ಯಾಹ್ನ 12. ಮುಷ್ಕರ ಮುಗಿಯಿತಂತೆ.

11 ಆಗಸ್ಟ್, ಸೋಮವಾರ

ಬಹಳ ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಅಕ್ಕನ ಕಾಲು ಊದಿದೆ. ಬೆರಳಲ್ಲಿ ಒತ್ತಿದರೆ ಗುಳಿ ಬಿದ್ದು ಹಾಗೇ ನಿಲ್ಲುತ್ತದೆ. ಕಾಲುಂಗುರ ತೆಗೆಯಲು ಆಗದೆ ಅಕ್ಕಸಾಲಿಯ ಹತ್ತಿರ ಕತ್ತರಿಸಿಕೊಂಡು ಬಂದಳು. ಹಟ್ಟಿಯ ನಲ್ಲಿಯಿಂದ ಒಂದು ಬಿಂದಿಗೆ ತರುವುದಕ್ಕೆ ಮೂರು ಕಡೆ ಇಳಿಸುತ್ತಾಳೆ.

ನಿನ್ನೆ ಗಂಗಾ ಬಂದಳು. ಅವ್ವನ ಕಾಲು ನೋಡಿದಳು. ಮನೆಯೆಲ್ಲ ಹುಡುಕಿದಳು. ಕ್ಯಾಲೆಂಡರ್ ಹಿಂದೆ ಕವರ್ ಸಿಕ್ಕಿತು. ಒಳಗೆ ಫಿಲಂ ಜೊತೆ ಒಂದು ಚೀಟಿ ಇತ್ತು, ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದು. ನಾನು ಓದಿದ್ದು ಆಲಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಚೀಟಿ ಇತ್ತೆಂದು ಗೊತ್ತಿತ್ತು. ಓದಿಸಲಿಲ್ಲ.

"ಮಾವ, ಇದ ಯಾವ ಡಾಕ್ಟ್ರಿಗೆ ತೋರಿಸ್ದೆ?"

ಹೆಸರು ನೆನಪಿಲ್ಲ ಅಂದೆ.

"ಕಾರ್ಡಿಯೊಮೆಗಲಿ ಅಂತ ಬರ್ದೈತೆ. ಹೃದಯ ಊದ್ಕೊಂಡೈತೆ ಅಂತ. ಡಾಕ್ಟ್ರನ್ನ ಕೂಡ್ಲೆ ಕಾಣಿ ಅಂತಾನೂ ಬರ್ದೈತೆ. ಎರಡು ತಿಂಗ್ಳಾಯ್ತು ಮಾವ."

ಬೈದಿದ್ದರೆ ಒಂದು ಜೋಕು ಹೇಳಿ ತಪ್ಪಿಸಿಕೊಳ್ಳಬಹುದಿತ್ತು. ಬೈಯಲಿಲ್ಲ.

12 ಆಗಸ್ಟ್, ಮಂಗಳವಾರ. ಸಂಜೆ 4

ಪರಮಶಿವಯ್ಯ ಡಾಕ್ಟರು. ಐವತ್ತು ದಾಟಿದವರು, ಮೆಲ್ಲಗೆ ಮಾತು. ಇವತ್ತು ಕ್ಯೂನಲ್ಲಿ ಸುಮ್ಮನೆ ನಿಂತಿದ್ದೆ.

ಫಿಲಮನ್ನು ಲೈಟಿನ ಡಬ್ಬಿಗೆ ಸಿಕ್ಕಿಸಿದರು. ತಾರೀಖು ಓದಿದರು. ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಅಕ್ಕನ ಕಾಲು ನೋಡಿದರು. ನನ್ನ ಕಡೆ ನೋಡಲಿಲ್ಲ.

ನಾನೇ ಬಾಯಿ ಹಾಕಿದೆ. ಕಪ್ಪಗಿರುವುದು ಹೊಗೆಯಲ್ಲವೇ ಸ್ವಾಮಿ, ಒಲೆಯ ಮುಂದಿನಿಂದ ಬಿಡಿಸಿದ್ದೇನೆ ಅಂದೆ.

"ಕಪ್ಪು ಕಾಣೋದು ಗಾಳಿ ಕಣ್ರೀ. ಶ್ವಾಸಕೋಶ ಕಪ್ಪಗೇ ಕಾಣ್ಬೇಕು. ಹೊಗೆ ಕುಡಿದೋರದ್ದೂ ಕಪ್ಪೇ, ನಿಮ್ದೂ ಕಪ್ಪೇ, ನನ್ದೂ ಕಪ್ಪೇ. ನೋಡ್ಬೇಕಾದ್ದು ಬಿಳೀದನ್ನ."

ಒಂದು ಸ್ಕೇಲ್ ತೆಗೆದು ಹಾರ್ಟಿನ ಅಗಲ ಅಳೆದರು. ಹದಿನಾರೂವರೆ. ಎದೆಗೂಡಿನ ಅಗಲ ಅಳೆದರು. ಇಪ್ಪತ್ತಾರು. ಅರ್ಧಕ್ಕಿಂತ ಒಳಗಿರಬೇಕಂತೆ. ಹದಿಮೂರು. ಗಂಗಾ ಕೈಯ ಮೇಲೆ ಪೆನ್ನಿನಿಂದ ಬರೆದುಕೊಂಡಳು.

ನನಗೆ ಒಂದು ಆಸೆ ಹುಟ್ಟಿತು. ಅವತ್ತು ಅಕ್ಕನಿಗೆ ಉಸಿರು ಹಿಡಿಯಲು ಆಗಿರಲಿಲ್ಲ, ಫಿಲಂ ಸರಿಯಾಗಿ ಬಂದಿಲ್ಲದೆ ಇರಬಹುದು ಅಂದೆ. ಅದು ನಿಜವೇ ಅಂದರು. ಉಸಿರು ಪೂರ್ತಿ ಎಳೆದುಕೊಳ್ಳದಿದ್ದರೆ, ಮಲಗಿಸಿ ತೆಗೆದರೆ, ಹಾರ್ಟು ಇರುವುದಕ್ಕಿಂತ ದೊಡ್ಡದಾಗಿ ಕಾಣುವುದುಂಟಂತೆ. ಎಕ್ಸ್‌ರೇ ಅಂದರೆ ಬರೀ ನೆರಳು. ನೆರಳು ನೋಡಿ ತೀರ್ಮಾನ ಹೇಳುವುದಿಲ್ಲ ಅಂದರು. ನಾನು ಗಂಗಾಳ ಕಡೆ ನೋಡಿದೆ, ನೋಡು ನಾನು ಹೇಳಲಿಲ್ಲವಾ ಅನ್ನುವ ಹಾಗೆ. ಡಾಕ್ಟರು ಅಷ್ಟಕ್ಕೆ ನಿಲ್ಲಿಸಲಿಲ್ಲ. ಊದಿದ ಕಾಲು, ಎದ್ದು ನಿಂತ ಕತ್ತಿನ ನರ, ಕೂತೇ ನಿದ್ದೆ ಮಾಡುವುದು, ಎದೆಯಲ್ಲಿ ಕೇಳುವ ಸದ್ದು… ನಾಲ್ಕೂ ಆ ನೆರಳು ಹೇಳಿದ್ದನ್ನೇ ಹೇಳುತ್ತಿವೆ ಅಂದರು.

ಚಿಕ್ಕಂದಿನಲ್ಲಿ ಜ್ವರ ಬಂದು ಕೀಲು ಊದಿತ್ತೇ ಅಂತ ಅಕ್ಕನನ್ನು ಕೇಳಿದರು. ಅಕ್ಕ ನೆನಪಿಲ್ಲ ಅಂದಳು. ನನಗಿತ್ತು. ಅವಳಿಗೆ ಹನ್ನೊಂದು, ನನಗೆ ಏಳು. ಒಂದು ತಿಂಗಳು ಮಂಡಿ ಊದಿ ಮಲಗಿದ್ದಳು. ಎದ್ದ ಮೇಲೆ ಕುಂಟುತ್ತಿದ್ದಳು. ನಾನು ಹಿಂದಿನಿಂದ ಹಾಗೇ ಕುಂಟಿ ತೋರಿಸಿ ಊರಿಗೆಲ್ಲ ನಗಿಸುತ್ತಿದ್ದೆ. ಜ್ವರ ಬಂದಿತ್ತು ಅಂತ ಮಾತ್ರ ಹೇಳಿದೆ.

ಆ ಜ್ವರ ಹಾರ್ಟಿನ ಒಳಗಿನ ಬಾಗಿಲನ್ನು ಕೆಡಿಸಿದೆಯಂತೆ. ಮುಂದಕ್ಕೆ ನೂಕಿದ ರಕ್ತ ಬಾಗಿಲು ಸರಿಯಾಗಿ ಮುಚ್ಚದೆ ಹಿಂದಕ್ಕೇ ಬರುತ್ತದೆ. ಬಂದದ್ದನ್ನು ಮತ್ತೆ ನೂಕಬೇಕು. ವರ್ಷಗಟ್ಟಲೆ ಹೀಗೆ ಎರಡೆರಡು ಸಲ ಹೊತ್ತು ಹೊತ್ತು ಹಿಗ್ಗಿದೆ. ಹಿಗ್ಗಿದ್ದರಿಂದ ಬಲ ಬರಲಿಲ್ಲ, ಹೋಯಿತು.

ಏನು ಕೆಲಸ ಅಂತ ನನ್ನನ್ನು ಕೇಳಿದರು. ಗೂಡು ಅಂದೆ.

"ನಮ್ಮಮ್ಮನೂ ಹುಳ ಸಾಕ್ದೋಳು, ಮಾಗಡಿ ಕಡೆ. ಅಮುಕಿದ್ರೆ ಒಳಕ್ಕೆ ಹೋಗೋ ದಪ್ಪ ಗೂಡು ನೋಡಿಲ್ವಾ ನೀವು?"

ಸಾವಿರಾರು ನೋಡಿದ್ದೇನೆ. ಎಷ್ಟೋ ಲಾಟುಗಳನ್ನು ಅದಕ್ಕೇ ಉಹೂಂ ಅಂದಿದ್ದೇನೆ. ದಪ್ಪ ಕಂಡು ಮೋಸಹೋದ ಹೊಸಬರನ್ನು ಮಾರ್ಕೆಟ್ಟಿನ ನಡುವೆ ನಿಲ್ಲಿಸಿ ಆಡಿಕೊಂಡಿದ್ದೇನೆ.

ಬೆಂಗಳೂರಿಗೆ ಬರೆದುಕೊಟ್ಟರು. ಎಕೋ ಮಾಡಿಸಬೇಕು. ಬೇಗ ಅಂದರು. ಬರೆದು ಕೊಡುವಾಗ ಇನ್ನೊಂದು ಸಲ ಬೇಗ ಅಂದರು.

21 ಆಗಸ್ಟ್, ಗುರುವಾರ

ಬೆಳಿಗ್ಗೆ ಐದೂವರೆ ಬಸ್ಸು. ಸ್ವಾತಂತ್ರ್ಯ ಬಂದು ಐವತ್ತು ವರ್ಷದ ಬಾವುಟಗಳು ಬಿಡದಿಯಲ್ಲಿ ಇನ್ನೂ ಕಟ್ಟೇ ಇದ್ದವು, ಮಳೆಗೆ ಬಣ್ಣ ಇಳಿದು. ಅಕ್ಕನಿಗೆ ಕಿಟಕಿ ಪಕ್ಕ ಸೀಟು.

ಕತ್ತಲೆ ರೂಮು. ಎದೆಗೆ ತಣ್ಣಗಿನ ಗಂಜಿಯಂಥದ್ದು ಹಚ್ಚಿ ಒಂದು ಗುಂಡು ಒತ್ತಿ ನೋಡಿದರು. ಟೀವಿಯಲ್ಲಿ ಹಾರ್ಟು ಕಂಡಿತು. ಎಕ್ಸ್‌ರೇ ಹೊರಗಿನ ಗಾತ್ರ ಹೇಳುತ್ತದೆ, ಇದು ಒಳಗನ್ನು ತೋರಿಸುತ್ತದೆ. ಗೂಡನ್ನು ಬ್ಲೇಡಿನಿಂದ ಕುಯ್ದು ನೋಡಿದ ಹಾಗೆ, ಆದರೆ ಕುಯ್ಯದೆ. ಗೋಡೆ ತೆಳ್ಳಗೆ, ಬಾವಿಯಲ್ಲಿ ನೀರು ಅಲ್ಲಾಡಿದ ಹಾಗೆ ಅಲ್ಲಾಡುತ್ತಿತ್ತು. ಬಾಗಿಲಿನ ಎರಡು ರೆಕ್ಕೆ ಬಂದು ಕೂಡಬೇಕು, ಕೂಡುತ್ತಿರಲಿಲ್ಲ. ಪ್ರತಿ ಸಲವೂ ಇನ್ನೇನು ಕೂಡುತ್ತದೆ ಅನ್ನಿಸುತ್ತಿತ್ತು.

ಅಲ್ಲಿನ ಡಾಕ್ಟರು ಹೇಳಿದ್ದು — ನೀರು ಇಳಿಸುವ ಮಾತ್ರೆ ಈಗಲೇ ಶುರು. ಉಪ್ಪು ಕಡಿಮೆ. ಬಾಗಿಲು ಬದಲಾಯಿಸುವ ಆಪರೇಷನ್ ಆಗಬೇಕು, ಸೆಪ್ಟೆಂಬರ್ ದಾಟಬಾರದು. ಹಾರ್ಟು ಇನ್ನೂ ಸಡಿಲವಾದರೆ ಆಪರೇಷನ್ ತಡೆಯುವುದಿಲ್ಲ. ಎರಡು ತಿಂಗಳ ಹಿಂದೆ ಬಂದಿದ್ದರೆ ಇಷ್ಟು ಭಯಪಡುತ್ತಿರಲಿಲ್ಲ ಅಂತಲೂ ಅಂದರು. ಬಡವರ ರಿಯಾಯಿತಿ ಕಳೆದು ಇಪ್ಪತ್ತೈದು ಸಾವಿರ ಮೊದಲು ಕಟ್ಟಬೇಕು. ಕಟ್ಟಿದ ಮೇಲೆ ತಾರೀಖು.

ಬಸ್‌ಸ್ಟ್ಯಾಂಡಿನಲ್ಲಿ ಅಕ್ಕ ನನ್ನ ಕೈ ಹಿಡಿದು ಕೇಳಿದಳು. "ನಮ್ಮ ಜಮೀನ್ ದುಡ್ಡು ಸಾಕಾಯ್ತದಲ್ವೇನ್ಲಾ ಮುನಿಯ?"

"ಸಾಕಾಯ್ತದೆ ಕಣಕ್ಕ."

27 ಆಗಸ್ಟ್

ರಸೂಲನ ಹತ್ತಿರ ಹೋದೆ. ಚಿಟ್ಟೆಯ ವಿಷಯ ಅವನಿಗೆ ಗೊತ್ತು, ಅಕ್ಕನ ದುಡ್ಡೆಂದು ಗೊತ್ತಿರಲಿಲ್ಲ. ಹೇಳಿದೆ. ಹದಿನೈದು ಸಾವಿರ ಹೋಯಿತು ಅಂದೆ. ಮುಷ್ಕರದಲ್ಲಿ ಅವನೂ ಸೋತಿದ್ದಾನೆ. ಒಳಗೆ ಹೋಗಿ ಹೆಂಡತಿ ಖತೀಜಾಬಿಯ ಹತ್ತಿರ ಮಾತಾಡಿ ಎರಡು ಸಾವಿರ ತಂದುಕೊಟ್ಟ. ನಿಮ್ಮಕ್ಕ ಮಾರಕ್ಕ ನಮ್ಮ ಮನೆಯಲ್ಲಿ ಇಪ್ಪತ್ತೆರಡು ವರ್ಷ ಇದ್ದವಳು, ಇದಕ್ಕೆ ವಾಪಸ್ ಬೇಡ ಅಂದ.

ಮಾರ್ಕೆಟ್ಟಿನಲ್ಲಿ ಉಳಿದವರು ನನ್ನನ್ನು ಕಂಡು ನಗುತ್ತಾರೆ. ಸಾಲ ಕೇಳಿದರೆ ಇನ್ನೂ ಜೋರಾಗಿ ನಗುತ್ತಾರೆ. ತಮಾಷೆ ಮಾಡುತ್ತಿದ್ದೇನೆ ಅಂದುಕೊಳ್ಳುತ್ತಾರೆ. ಮೂವತ್ತು ವರ್ಷ ನಾನೇ ಕಲಿಸಿದ್ದು.

ಇವತ್ತು ಒಂದು ಲಾಟು ನೋಡಿ ಹೇಳಲು ಕರೆದರು. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ. ಏನು ಹೇಳುವುದೆಂದು ತಿಳಿಯಲಿಲ್ಲ. ಕೆಳಗಿಟ್ಟು ಬಂದೆ.

2 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 9

ಮಾತ್ರೆಯಿಂದ ಕಾಲಿನ ಊತ ಇಳಿದಿದೆ. ಅಕ್ಕ ಗೋಡೆ ಹಿಡಿದು ಬಾಗಿಲ ತನಕ ಬರುತ್ತಾಳೆ. ಉಪ್ಪಿಲ್ಲದ ಮುದ್ದೆ-ಸಾರು ತಿಂದು, ದನಕ್ಕೂ ಇದಕ್ಕಿಂತ ರುಚಿಯಾಗಿ ಇಡ್ತಾರೆ ಅಂದಳು.

ಫಿಲಂ ತೋರಿಸು ಅಂತ ಕೇಳಿದಳು. ಎಲ್ಲರೂ ನೋಡಿದ್ದಾರೆ, ನನ್ನದನ್ನ ನಾನೇ ನೋಡಿಲ್ಲ ಅಂದಳು. ಕಿಟಕಿಗೆ ಹಿಡಿದೆ. ಇದು ಎಡ, ಇದು ಬಲ. ಇದು ಗಾಳಿ. ಇದು ಹಾರ್ಟು. ಈ ಗೆರೆಯಿಂದ ಈ ಗೆರೆಯ ತನಕ ಇರಬೇಕಾಗಿತ್ತು, ಇಲ್ಲಿಯ ತನಕ ಬಂದಿದೆ. ಡಾಕ್ಟರು ಹೇಳಿದ್ದನ್ನು ಹೇಳಿದೆ, ಒಂದು ಮಾತು ಸೇರಿಸಲಿಲ್ಲ. ಜೂನ್‌ನಲ್ಲಿ ನಾನು ತಪ್ಪು ಹೇಳಿದೆ, ಕಪ್ಪು ಬಿಳಿ ಎರಡನ್ನೂ ತಿರುಗಿಸಿ ಓದಿದೆ ಅಂದೆ.

ಬೆರಳಿನಿಂದ ಆ ಬಿಳಿಯ ಅಂಚನ್ನು ಸವರಿದಳು. ಕುದಿಯುವ ನೀರಿನಲ್ಲಿ ಬೆಂದು ಬೆಂದು ಬೆರಳ ತುದಿಯಲ್ಲಿ ಗೆರೆಗಳೇ ಇಲ್ಲ ಅವಳಿಗೆ.

"ಇದನ್ನ ಹೊತ್ಕಂಡೇ ನೂಲು ತೆಗಿತಿದ್ನಾ ನಾನು."

ಫಿಲಂನಿಂದ ಬೆರಳು ತೆಗೆದು, "ನಂಗೆ ಸಾಯಕ್ಕೆ ಇಷ್ಟ ಇಲ್ಲ ಕಣ್ಲಾ ಮುನಿಯ. ಬ್ಯಾರೆಯೋರ್ ತಾವ ಯೋಳ್ಬ್ಯಾಡ, ನಗ್ತಾರೆ" ಅಂದಳು.

5 ಸೆಪ್ಟೆಂಬರ್, ಶುಕ್ರವಾರ

ಗೌರಿ ಹಬ್ಬ. ಅಪ್ಪ ಹೋದ ಮೇಲೆ ತವರಿನ ಲೆಕ್ಕದಲ್ಲಿ ಪ್ರತಿ ವರ್ಷ ಅಕ್ಕನಿಗೆ ಸೀರೆ, ಅರಿಶಿನ ಕುಂಕುಮದ ದುಡ್ಡು ನಾನೇ ಕೊಡುತ್ತಿದ್ದೆ. ಹೋದ ವರ್ಷದ್ದು ಧರ್ಮಾವರಂ ಅಂತ ಬೀದಿಗೆಲ್ಲ ಹೇಳಿದ್ದೆ. ಸಂತೆಯದು.

ಈ ಸಲ ಸೀರೆ ಬೇಡ, ಆ ದುಡ್ಡನ್ನೂ ಆಸ್ಪತ್ರೆಗೆ ಸೇರಿಸು ಅಂದಳು. ಬರೀ ಅರಿಶಿನ ಕುಂಕುಮ, ಎರಡು ಬಳೆ, ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಕೊಟ್ಟೆ. ಬಗ್ಗಿ ಕಾಲಿಗೆ ನಮಸ್ಕಾರ ಮಾಡಿದೆ. ಎಂದೂ ಮಾಡಿದವನಲ್ಲ. ಏನಾಯ್ತ್ಲಾ ನಿಂಗೆ ಅಂತ ನಕ್ಕಳು. ನಕ್ಕು ಕೆಮ್ಮಿದಳು. ಕೆಮ್ಮು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಗಂಗಾ ಬೆನ್ನು ಸವರುತ್ತಾ ನನ್ನನ್ನೇ ನೋಡುತ್ತಿದ್ದಳು.

ಹಿತ್ತಲಲ್ಲಿ ಹಿಡಿದು ನಿಲ್ಲಿಸಿದಳು. ಪಾಸ್‌ಬುಕ್ ಎಲ್ಲಿ ಮಾವ ಅಂದಳು. ಪೆಟ್ಟಿಗೆಯಲ್ಲಿದೆ ಅಂದೆ. ಪೆಟ್ಟಿಗೆ ನೋಡಿದೆ ಅಂದಳು. ಆಗ ಗೂಡಿನ ವಿಷಯ ಹೇಳಿದೆ. ಸಾಹುಕಾರರಿಲ್ಲ, ನಾನೇ ಅಂದೆ. ಎಂಟು ಸಾವಿರ ಹೋಯಿತು, ಉಳಿದದ್ದು ಹಾಗೇ ಇದೆ ಅಂದೆ.

ಕೈಯ ಮೇಲೆ ಲೆಕ್ಕ ಹಾಕಿದಳು. "ಅಂಗಾದ್ರೆ ಸಾಲ್ತದೆ ಬುಡು. ನನ್ ಓಲೆ ಅಡ ಇಟ್ರೆ ಇಪ್ಪತ್ತೈದು ಆಯ್ತದೆ. ಸೋಮವಾರ ಪೋಸ್ಟಾಫೀಸಿಗೆ ಹೋಗನ. ಅವ್ವಂಗೆ ಇದ ಯೋಳ್ಬ್ಯಾಡ."

ಅಳುತ್ತಿರಲಿಲ್ಲ. ನಿರಾಳ ಆಗಿದ್ದಳು. ಅದನ್ನು ನೋಡಲಾಗಲಿಲ್ಲ.

8 ಸೆಪ್ಟೆಂಬರ್, ಸೋಮವಾರ. ಬೆಳಿಗ್ಗೆ 8

ಪೋಸ್ಟಾಫೀಸು ಹತ್ತಕ್ಕೆ ತೆರೆಯುತ್ತದೆ. ಗಂಗಾ ತಲೆ ಬಾಚುತ್ತಿದ್ದಾಳೆ. ನಿನ್ನೆ ಓಲೆ ಬಿಚ್ಚಿ ಕರವಸ್ತ್ರದಲ್ಲಿ ಕಟ್ಟಿದ್ದಾಳೆ, ಕಿವಿಯಲ್ಲಿ ಬೇವಿನ ಕಡ್ಡಿ. ಅಕ್ಕ ಬೆಂಗಳೂರಿಗೆ ಯಾವ ಸೀರೆ ಉಡಬೇಕೆಂದು ಕೇಳುತ್ತಿದ್ದಾಳೆ.

ಅಕ್ಕನಿಗೆ ಮೂರು ಅಂದೆ. ಗಂಗಾಗೆ ಎಂಟು. ರಸೂಲನಿಗೆ ಹದಿನೈದು. ಪ್ರತಿ ಸಲ ಅಷ್ಟೇ ಇರಬಹುದೇನೋ ಅಂತ ನನಗೇ ಅನ್ನಿಸುತ್ತಿತ್ತು. ನಿಜವಾದ ಲೆಕ್ಕ ಇಲ್ಲಿಯೂ ಬರೆದಿರಲಿಲ್ಲ. ಇದನ್ನು ಓದುವವರು ಯಾರೂ ಇಲ್ಲ, ಆದರೂ ಬರೆದಿರಲಿಲ್ಲ. ಮೊದಲು ಇಲ್ಲಿ ಬರೆದರೆ ಬಾಯಲ್ಲಿ ಬರಬಹುದು.

ಗಂಗಾ ಕರೆಯುತ್ತಿದ್ದಾಳೆ. ಹೊರಟೆ ಅಂದೆ.

ಆಲಹಳ್ಳಿಯ ದುಡ್ಡು ಮೂವತ್ತೆರಡು ಸಾವಿರ ಇತ್ತು. ತೂತು ಗೂಡು ಮಾರಿ ಬಂದದ್ದು ಕಳೆದು, ಹೋದದ್ದು ಮೂವತ್ತೊಂದು ಸಾವಿರದ ಆರುನೂರು